ಹಂಸಕ್ಕೆ ಪುಸ್ತಕ, ಬಾವಲಿಗೆ ಅಪವಾದ

ಗದಗ ಸಮೀಪದ ಕಣಗಿನಹಾಳ ಎಂದೊಡನೆ ಸಹಕಾರ ಚಳವಳಿ ನೆನಪಿಗೆ ಬರುತ್ತದೆ. 1904ರ ಸಹಕಾರ ಕಾಯಿದೆ ಜಾರಿಯಾದ ಮರುವರ್ಷವೇ, ಅಂದರೆ 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾದದ್ದು ಈ ಊರಿನಲ್ಲಿ. ಸಾಲ, ಜಮೆ, ಬಾಕಿ ಇವನ್ನೆಲ್ಲ ಬರೆದಿಟ್ಟು ತಾಳೆ ನೋಡುವ ಪದ್ಧತಿಯನ್ನು ನಾಡಿಗೆ ತೋರಿಸಿಕೊಟ್ಟ ಊರು ಇದು. ಆದರೆ ಇಲ್ಲಿಯೂ, ನಾಡಿನ ಬೇರೆ ಹಳ್ಳಿಗಳಲ್ಲಿಯೂ, ಯಾರೂ ತಾಳೆ ನೋಡದ ಇನ್ನೊಂದು ಲೆಕ್ಕ ಚಾಲ್ತಿಯಲ್ಲಿದೆ. ಕಾಗೆ ಅಂಗಳದಲ್ಲಿ ಕೂಗಿದರೆ ನೆಂಟರು ಬರುತ್ತಾರೆ. ಗೂಬೆ ಮನೆಯ ಮೇಲೆ ಕುಳಿತರೆ ಕೇಡು. ರತ್ನಪಕ್ಷಿ ಕಂಡರೆ ಶುಭ. ಬಾವಲಿ ಮನೆ ಹೊಕ್ಕರೆ ಅಶುಭ. ಇಂಥ ಮಾತುಗಳನ್ನು ಪಕ್ಷಿಗಳ ಮತ್ತು ಬಾವಲಿಗಳ ಬಗೆಗಿನ ಪುಸ್ತಕಗಳು ಹೇಗೆ ನಡೆಸಿಕೊಂಡಿವೆ? ಕೆಲವು ಮುಖ್ಯ ಕೃತಿಗಳನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಮ್ಮ ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ಧೋರಣೆಗಳು ಕಾಣುತ್ತವೆ. ಒಂದು, ಎಲ್ಲವನ್ನೂ ಮೂಢನಂಬಿಕೆ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕುವುದು. ಇನ್ನೊಂದು, ಹಿರಿಯರು ಹೇಳಿದ್ದರಲ್ಲೆಲ್ಲ ವಿಜ್ಞಾನ ಅಡಗಿದೆ ಎಂದು ಹೊಗಳುವುದು. ಎರಡರಲ್ಲೂ ಶ್ರಮವಿಲ್ಲ. ಜನಪದ ನಂಬಿಕೆಯಲ್ಲಿ ಬಹುಮಟ್ಟಿಗೆ ಎರಡು ಭಾಗಗಳಿರುತ್ತವೆ. ಕಣ್ಣಿಗೆ ಕಂಡ ಸಂಗತಿ ಮೊದಲನೆಯದು. ಅದಕ್ಕೆ ಕೊಟ್ಟ ಅರ್ಥ ಎರಡನೆಯದು. ಚಾತಕ ಪಕ್ಷಿಯನ್ನೇ ನೋಡಿ. ಅದು ಮಳೆಹನಿಯನ್ನು ಬಿಟ್ಟು ಬೇರೆ ನೀರು ಕುಡಿಯುವುದಿಲ್ಲ ಎಂಬುದು ಕವಿಸಮಯ, ನಿಜವಲ್ಲ. ಆದರೆ ಆಫ್ರಿಕದಲ್ಲಿ ಚಳಿಗಾಲ ಕಳೆದ ಚಾತಕಗಳು ಮುಂಗಾರಿನ ಜೊತೆಯಲ್ಲೇ ಭಾರತಕ್ಕೆ ಬರುತ್ತವೆ ಎಂಬುದು ಪಕ್ಷಿವೀಕ್ಷಕರು ದಾಖಲಿಸಿರುವ ಸಂಗತಿ. ನಂಬಿಕೆಯನ್ನು ಇಡಿಯಾಗಿ ಎಸೆದವನು ಈ ಸಂಗತಿಯನ್ನೂ ಎಸೆದಂತಾಗುತ್ತದೆ. ಇಡಿಯಾಗಿ ಒಪ್ಪಿದವನು ಹಕ್ಕಿ ನೀರು ಕುಡಿಯುವುದನ್ನು ನೋಡುವ ಗೋಜಿಗೇ ಹೋಗುವುದಿಲ್ಲ.

ಈ ಎರಡು ಭಾಗಗಳನ್ನು ಬಿಡಿಸಿ ನೋಡಿದ ಕೃತಿಗಳಲ್ಲಿ ಎಡ್ವರ್ಡ್ ಆರ್ಮ್‌ಸ್ಟ್ರಾಂಗ್ ಅವರ ‘ದಿ ಫೋಕ್‌ಲೋರ್ ಆಫ್ ಬರ್ಡ್ಸ್’ (1958) ಪ್ರಮುಖವಾದುದು. ಲೇಖಕರು ಪಾದ್ರಿ ಮತ್ತು ನುರಿತ ಪಕ್ಷಿವೀಕ್ಷಕರು. ಒಂದು ನಂಬಿಕೆ ಯಾವ ಯಾವ ದೇಶಗಳಲ್ಲಿದೆ, ಆ ಹಕ್ಕಿ ಎಲ್ಲೆಲ್ಲಿ ವಾಸಿಸುತ್ತದೆ, ಅದರ ಯಾವ ನಡವಳಿಕೆ ಜನರ ಗಮನ ಸೆಳೆದಿರಬಹುದು ಎಂದು ಅವರು ಕ್ರಮವಾಗಿ ಕೇಳುತ್ತಾರೆ. ಪುಸ್ತಕದ ಬಲ ಈ ಪ್ರಶ್ನೆಗಳಲ್ಲಿದೆ. ಪ್ರಚಲಿತ ನಂಬಿಕೆಗಳ ಮೂಲವನ್ನು ಶಿಲಾಯುಗದವರೆಗೂ ಒಯ್ಯುವ ಉತ್ಸಾಹ ಅದರ ದೌರ್ಬಲ್ಯ. ಅಷ್ಟು ಹಿಂದಕ್ಕೆ ಹೋದಾಗ ಪುರಾವೆ ತೆಳುವಾಗುತ್ತದೆ, ಊಹೆ ದಪ್ಪವಾಗುತ್ತದೆ. ಯೂರೋಪಿಗೆ ಹೆಚ್ಚು ಒತ್ತು ಕೊಟ್ಟಿರುವುದರಿಂದ ನಮ್ಮ ಓದುಗರು ಇದರಿಂದ ಪಡೆಯಬೇಕಾದದ್ದು ವಿಧಾನವನ್ನು ಮಾತ್ರ.

ನಮ್ಮದೇ ಹಕ್ಕಿಯ ಬಗ್ಗೆ ಇಂಥ ಕೆಲಸ ಮಾಡಿದವರು ಡಚ್ ವಿದ್ವಾಂಸ ಫೋಗೆಲ್. ಅವರ ‘ದಿ ಗೂಸ್ ಇನ್ ಇಂಡಿಯನ್ ಲಿಟರೇಚರ್ ಅಂಡ್ ಆರ್ಟ್’ (1962) ಚಿಕ್ಕ ಪುಸ್ತಕ. ಸಂಸ್ಕೃತ ಕಾವ್ಯಗಳ ‘ಹಂಸ’ ಎಂದರೆ ಇಂಗ್ಲಿಷ್ ಅನುವಾದಕರು ಬರೆದಂತೆ ಸ್ವಾನ್ ಅಲ್ಲ, ಹೆಬ್ಬಾತು ಎಂಬುದು ಅವರ ವಾದ. ಗ್ರಂಥಗಳನ್ನೂ ಶಿಲ್ಪಗಳನ್ನೂ ಸಾಕ್ಷಿಯಾಗಿ ಕೊಡುತ್ತಾರೆ. ಪುರಾತತ್ವಜ್ಞರಾದ ಅವರಿಗೆ ಕಲ್ಲಿನ ಹಂಸವೇ ಮುಖ್ಯ; ಜೀವಂತ ಹಂಸವನ್ನು ನೋಡಲು ಪುಸ್ತಕದ ಹೊರಗೆ ಬರಬೇಕು. ಗದಗ ಜಿಲ್ಲೆಯವರಿಗೆ ಅದು ಕಷ್ಟವಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದಕ್ಷಿಣ ಭಾರತದ ದೊಡ್ಡ ತಾಣಗಳಲ್ಲಿ ಒಂದು. ಮಳೆನೀರು ಹಿಡಿದಿಡಲೆಂದು ಜನರೇ ಕಟ್ಟಿದ, ಸುಮಾರು 50 ಹೆಕ್ಟೇರಿನ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿ 166 ಜಾತಿಯ ಹಕ್ಕಿಗಳು ದಾಖಲಾಗಿವೆ.

ಮಳೆಗಾಲದಲ್ಲಿ ಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆ ಎಂದು ಕವಿಗಳು ಹೇಳುತ್ತಾರೆ. ಪಟ್ಟೆತಲೆ ಹೆಬ್ಬಾತು ಮೊಟ್ಟೆಯಿಡುವುದು ಟಿಬೆಟ್, ಲಡಾಖ್, ಮಂಗೋಲಿಯ ಮೊದಲಾದ ಕಡೆಗಳ ಎತ್ತರದ ಸರೋವರಗಳ ಬಳಿಯಲ್ಲಿ. ಹಿಮಾಲಯ ದಾಟುವಾಗ ಅದು 7,000 ಮೀಟರಿಗೂ ಮೇಲೆ ಹಾರಿದ್ದನ್ನು ಉಪಗ್ರಹದ ಮೂಲಕ ಸಂಕೇತ ಕಳಿಸುವ ಸಾಧನಗಳು ದಾಖಲಿಸಿವೆ. ಅದರ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲಿಯೂ ಆಕ್ಸಿಜನ್ನನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹೀಗೆ ಕವಿಗಳ ವಲಸೆಯ ಮಾತು ಬಹುಮಟ್ಟಿಗೆ ನಿಂತಿತು. ಹಾಲು–ನೀರು ಬೇರ್ಪಡಿಸುವ ಮಾತು ನಿಲ್ಲುವುದಿಲ್ಲ. ಅದನ್ನು ಮಾಡಬಲ್ಲ ಹಕ್ಕಿಯೇ ಇಲ್ಲ. ಬಾತುಗಳ ಕೊಕ್ಕಿನ ಅಂಚಿನಲ್ಲಿ ನೀರನ್ನು ಸೋಸುವ ತೆಳುಪದರಗಳಿರುವುದು ನಿಜ. ಆದರೆ ಅದನ್ನೇ ಈ ಕಥೆಯ ಮೂಲ ಎನ್ನುವುದು ಊಹೆ, ಪುರಾವೆಯಲ್ಲ.

ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’, ‘ಹಕ್ಕಿ ಪುಕ್ಕ’ ಮುಂತಾದ ಪುಸ್ತಕಗಳು ಸಾಮಾನ್ಯ ಓದುಗನ ಕೈ ಹಿಡಿದು ಹಕ್ಕಿಯ ಬಳಿಗೆ ಕರೆದೊಯ್ದವು. ಹಕ್ಕಿಗಳನ್ನು ಕನ್ನಡದ ಹೆಸರಿನಲ್ಲಿ ಗುರುತಿಸಬಹುದು ಎಂಬ ಧೈರ್ಯವನ್ನು ಕೊಟ್ಟವು. ಮೂಡಿಗೆರೆಯ ಸುತ್ತಲಿನ ಸ್ವಂತ ಅನುಭವವೇ ಆ ಬರಹಗಳ ಜೀವಾಳ. ಎರೆಭೂಮಿಯ ಹಕ್ಕಿಗಳ ಬಗ್ಗೆ ಅಂಥದೇ ಅನುಭವದ ಬರಹವನ್ನು ಬಯಲುಸೀಮೆಯವರೇ ಕೊಡಬೇಕಾಗಿದೆ. ‘ಎರೆಭೂತ’ ಎಂಬ ಒಂದು ಹೆಸರನ್ನೇ ತೆಗೆದುಕೊಳ್ಳಿ. ಹಕ್ಕಿಯ ನೆಲೆಯೂ, ಅದು ಮೂಡಿಸಿದ ಅಚ್ಚರಿಯೂ ಆ ಹೆಸರಿನಲ್ಲಿವೆ. ಹೆಸರು ಉಳಿದಿದೆ, ಹಕ್ಕಿ ಅಳಿವಿನ ಅಂಚಿಗೆ ಬಂದಿದೆ.

ಹಕ್ಕಿಗಳಿಗೆ ದೊರೆತ ಈ ಆದರ ಬಾವಲಿಗೆ ದೊರೆಯಲಿಲ್ಲ. ಪಕ್ಷಿಗಳಿಗೂ ಮೃಗಗಳಿಗೂ ಯುದ್ಧವಾದಾಗ ಗೆದ್ದವರ ಕಡೆಗೆ ಸೇರುತ್ತಿದ್ದ ದ್ರೋಹಿ ಎಂದು ಈಸೋಪನ ಕಥೆ ಅದನ್ನು ದೂರುತ್ತದೆ. ಅದು ಯಾವ ಗುಂಪಿಗೆ ಸೇರಿದ್ದು ಎಂಬ ಗೊಂದಲವೇ ಆ ಕಥೆಯ ಬೀಜ. ಮರಿಗೆ ಹಾಲೂಡಿಸುವ ಬಾವಲಿ ಸ್ತನಿ. ಅದರ ರೆಕ್ಕೆ ಉದ್ದ ಬೆರಳುಗಳ ನಡುವೆ ಹರಡಿದ ತೊಗಲು.

ಗ್ಲೋವರ್ ಅಲೆನ್ ಅವರ ‘ಬ್ಯಾಟ್ಸ್’ (1939) ಜಗತ್ತಿನ ಬಾವಲಿಗಳ ಜೀವವಿವರದ ಜೊತೆಗೆ ಜನಪದ ನಂಬಿಕೆಗೂ ಜಾಗ ಕೊಟ್ಟ ಕೃತಿ. ಆದರೆ ಬಾವಲಿ ಕತ್ತಲಲ್ಲಿ ದಾರಿ ಕಾಣುವ ಬಗೆ ಆಗತಾನೆ ತಿಳಿಯತೊಡಗಿತ್ತು. ಆ ಕಥೆಯನ್ನು ಪೂರ್ಣವಾಗಿ ಹೇಳಿದ್ದು ಡೊನಾಲ್ಡ್ ಗ್ರಿಫಿನ್ ಅವರ ‘ಲಿಸನಿಂಗ್ ಇನ್ ದಿ ಡಾರ್ಕ್’ (1958). ಕಣ್ಣು ಕಾಣದ ಬಾವಲಿಯೂ ಅಡೆತಡೆ ತಪ್ಪಿಸಿ ಹಾರುತ್ತದೆ ಎಂದು ಸ್ಪಲಾಂಜಾನಿ 1790ರ ದಶಕದಲ್ಲೇ ತೋರಿಸಿದ್ದರು. ಕಿವಿ ಮುಚ್ಚಿದರೆ ಅದು ದಾರಿ ತಪ್ಪುತ್ತದೆ ಎಂದು ಜೂರಿನ್ ಕಂಡುಕೊಂಡರು. ‘ಕಿವಿಯಿಂದ ನೋಡುವುದೇ?’ ಎಂದು ವಿದ್ವಾಂಸರು ನಕ್ಕರು. ವಿಷಯ ಮೂಲೆಗೆ ಬಿತ್ತು. 1938ರಲ್ಲಿ ಗ್ರಿಫಿನ್, ಭೌತವಿಜ್ಞಾನಿ ಪಿಯರ್ಸ್ ಅವರ ಉಪಕರಣದ ಮುಂದೆ ಬಾವಲಿಯನ್ನು ಹಿಡಿದಾಗ ನಮ್ಮ ಕಿವಿಗೆ ಕೇಳದ ಅದರ ಕೂಗು ಗೊತ್ತಾಯಿತು. ನಿರಾಕರಣೆಯ ಮೂಢತನ ಹಳ್ಳಿಗರಿಗೆ ಮಾತ್ರ ಸೀಮಿತವಲ್ಲ ಎಂಬುದು ಈ ಪುಸ್ತಕದ ದೊಡ್ಡ ಪಾಠ.

ನಮ್ಮ ಕಾನೂನು ಕೂಡ ಇದಕ್ಕೆ ಹೊರತಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಅನುಸೂಚಿ ಪೀಡಕ ಪ್ರಾಣಿಗಳ ಪಟ್ಟಿಯಾಗಿತ್ತು. ಕಾಗೆ ಮತ್ತು ಇಲಿಗಳ ಸಾಲಿನಲ್ಲಿ ಹಣ್ಣುಬಾವಲಿಗಳೂ ಬಹುಕಾಲ ಅಲ್ಲಿದ್ದವು; ಅವುಗಳನ್ನು ಕೊಲ್ಲಲು ಅಡ್ಡಿಯಿರಲಿಲ್ಲ. ಬೀಜ ಪ್ರಸಾರ ಮಾಡುವ, ರಾತ್ರಿ ಅರಳುವ ಹೂಗಳಿಗೆ ಪರಾಗಸ್ಪರ್ಶ ಮಾಡುವ ಪ್ರಾಣಿಗೆ ಸಂದ ಗೌರವ ಇದು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಯಿತು. ಕಾನೂನು ಬದಲಾಯಿತು, ಆದರೆ ಜನರ ಭಯ ಹಾಗೆಯೇ ಉಳಿಯಿತು. 2018ರಲ್ಲಿ ಕೇರಳದಲ್ಲಿ ನಿಪಾ ಕಾಣಿಸಿದ ಮೇಲೆ, ಕೊರೋನಾ ಬಂದ ಮೇಲೆ, ಆ ಭಯ ಹೆಚ್ಚಿತು.

ಇಲ್ಲಿ ಪುಸ್ತಕದ ಹೊಣೆ ದೊಡ್ಡದು. ನಿಪಾ ವೈರಸ್ಸಿನ ಸಹಜ ನೆಲೆ ದೊಡ್ಡ ಹಣ್ಣುಬಾವಲಿಗಳು ಎಂಬುದನ್ನು ಮುಚ್ಚಿಡಬಾರದು. ಕಚ್ಚಿದ ಹಣ್ಣು ತಿನ್ನಬಾರದು, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ಸ್ಪಷ್ಟವಾಗಿ ಬರೆಯಬೇಕು. ಮರ ಕಡಿದರೆ ಬಾವಲಿಗಳು ಚದುರಿ ಬೇರೆಡೆ ಸೇರುತ್ತವೆ, ರೋಗಾಣು ನಾಶವಾಗುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ದೊಡ್ಡ ಹಣ್ಣುಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಒಮ್ಮೆ ಕುಸಿದ ಸಂಖ್ಯೆ ಬೇಗ ಏರುವುದಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಉಳಿದಿರುವ, 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಎಲೆಮೂಗಿನ ಬಾವಲಿ ಇನ್ನೂರಕ್ಕೂ ಕಡಿಮೆ ಎಂದು ಅಂದಾಜು. ಅದರ ಹೆಸರು ತಿಳಿದ ಕನ್ನಡಿಗರು ಎಷ್ಟು ಮಂದಿ?

ಬಾವಲಿಗಳ ಬಗ್ಗೆ ಒಳ್ಳೆಯ ಕನ್ನಡ ಪುಸ್ತಕ ಬರೆಯುವವರು ಮೊದಲು ಹಳ್ಳಿಗರ ಮಾತನ್ನು ಬರೆದುಕೊಳ್ಳಲಿ. ‘ಬಾವಲಿ’, ‘ತೊಗಲು ಬಾವಲಿ’, ‘ಕಣ್ಕಪ್ಪಡಿ’ ಎಂಬ ಹೆಸರುಗಳು ಯಾವ ಊರಿನಲ್ಲಿ ಯಾವ ಪ್ರಾಣಿಗೆ ಸಲ್ಲುತ್ತವೆ ಎಂದು ಕೇಳಲಿ. ಭಾರತದಲ್ಲಿ ನೂರಕ್ಕೂ ಹೆಚ್ಚು ಜಾತಿಯ ಬಾವಲಿಗಳಿದ್ದರೂ ನಾವು ಒಂದೆರಡು ಹೆಸರುಗಳಲ್ಲಿ ಎಲ್ಲವನ್ನೂ ಮುಗಿಸುತ್ತೇವೆ. ಬಳಿಕ ಒಂದೊಂದು ಮಾತನ್ನೂ ಪರೀಕ್ಷೆಗೆ ಒಡ್ಡಲಿ. ‘ಬಾವಲಿಗೆ ಕಣ್ಣು ಕಾಣದು’ ಎಂಬುದು ಸುಳ್ಳು. ಹಣ್ಣುಬಾವಲಿಗೆ ದೊಡ್ಡ ಕಣ್ಣುಗಳಿವೆ, ಅದು ಚೆನ್ನಾಗಿ ನೋಡುತ್ತದೆ. ‘ದೀಪದ ಸುತ್ತ ಬಾವಲಿ ಸುತ್ತುತ್ತದೆ’ ಎಂಬುದು ನಿಜ. ಚಿಕ್ಕ ಬಾವಲಿಗಳು ಬೆಳಕಿಗೆ ಬಂದ ಹುಳುಗಳನ್ನು ಬೇಟೆಯಾಡುತ್ತವೆ. ಕೀಟಗಳ ಬೇಟೆ ಮನೆಯೊಳಕ್ಕೂ ಎಳೆದು ತಂದೀತು. ಅದರಲ್ಲಿ ಅಶುಭವೇನೂ ಇಲ್ಲ.

ನೂರಿಪ್ಪತ್ತು ವರ್ಷಗಳ ಹಿಂದೆ ಕಣಗಿನಹಾಳದ ರೈತರು ತಮ್ಮ ಹಣದ ಲೆಕ್ಕವನ್ನು ತಾವೇ ಇಡಲು ಕಲಿತರು. ನಂಬಿಕೆಗಳ ಲೆಕ್ಕವನ್ನೂ ಹಾಗೆಯೇ ಇಡಬಹುದು: ಕಂಡದ್ದು ಜಮೆ, ಊಹಿಸಿದ್ದು ಬಾಕಿ. ಪುಸ್ತಕ ಬರುವವರೆಗೆ ಕಾಯಬೇಕಾಗಿಲ್ಲ. ಶಾಲೆಯ ಮಕ್ಕಳು ಒಂದು ವಾರ ಸಂಜೆ ಊರಿನ ಬೀದಿದೀಪದ ಕೆಳಗೆ ನಿಂತು, ಬಾವಲಿಗಳು ಎಷ್ಟು ಗಂಟೆಗೆ ಬಂದವು, ಎಷ್ಟು ಬಂದವು, ಏನು ಮಾಡಿದವು ಎಂದು ಬರೆದಿಟ್ಟರೆ ಆ ಪುಸ್ತಕದ ಮೊದಲ ಪುಟ ಸಿದ್ಧವಾದಂತೆಯೇ.