ಪೀಠಿಕೆ ದಾಟದ ಪ್ಯಾರಾ

ಗಾದೆ ವಿಸ್ತರಣೆ ಹೇಗೆ ಶುರುವಾಗುತ್ತದೆ ಎಂದು ಎಸ್ಸೆಸ್ಸೆಲ್ಸಿ ಮುಗಿಸಿದ ಯಾರನ್ನಾದರೂ ಕೇಳಿ: ‘ಗಾದೆಗಳು ವೇದಕ್ಕೆ ಸಮಾನ.’ ಗಾದೆ ಯಾವುದಾದರೂ ಮೊದಲ ಸಾಲು ಅದೇ. ಪ್ರಬಂಧಕ್ಕೂ ಅಂಥದೇ ಅಚ್ಚು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಕ್ಕಳು ಬಹಳ. ಖಾಲಿ ಹಾಳೆಯ ಮುಂದೆ ಅವರಿಗೆ ಈ ಅಚ್ಚು ಆಸರೆ, ಅಂಕವೂ ಬೀಳುತ್ತದೆ. ಅಷ್ಟರಮಟ್ಟಿಗೆ ಅದನ್ನು ಹೀಗಳೆಯಲಾರೆ. ಆದರೆ ಅದು ಮೂರು ತಲೆಬರಹ ಕೊಟ್ಟು ಸುಮ್ಮನಾಗುತ್ತದೆ. ಒಂದು ಪ್ಯಾರಾದೊಳಗೆ ಏನು ನಡೆಯಬೇಕೆಂದು ಹೇಳಿಕೊಡುವುದಿಲ್ಲ.

ರೇಷ್ಮೆ ಕೃಷಿಯ ಮೇಲೆ ಪ್ರಬಂಧ ಕೇಳಿದರೆ ಶಿಡ್ಲಘಟ್ಟದ ಹುಡುಗಿಯೂ ‘ರೈತ ದೇಶದ ಬೆನ್ನೆಲುಬು’ ಎಂದೇ ತೊಡಗುತ್ತಾಳೆ. ಹುಳು ಪೊರೆ ಬಿಡುವ ನಾಲ್ಕು ಜ್ವರ ಕಳೆದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರುವುದನ್ನು ಅವಳು ಮನೆಯಲ್ಲೇ ಕಂಡಿರಬಹುದು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಎದ್ದ ಮೇಲೆ ಹಾಕುತ್ತಾರೆ, ಕೊನೆಯ ಹಂತದಲ್ಲಿ ಎಷ್ಟು ಹಾಕಿದರೂ ಸಾಲದು. ಇದನ್ನು ಬರೆಯುವಾಗ ವಾಕ್ಯಗಳನ್ನು ಹಿಂದುಮುಂದು ಮಾಡುವಂತಿಲ್ಲ. ಕೆಲಸದ ಕ್ರಮವೇ ಪ್ಯಾರಾದ ಕ್ರಮ. ಗೂಡಿನ ಮಾರುಕಟ್ಟೆಯ ಬೆಳಗನ್ನು ವರ್ಣಿಸುವಾಗ ಆ ಕಟ್ಟಿಲ್ಲ. ಗೂಡಿನ ಬಿಳುಪು ಮೊದಲೋ, ಹರಾಜಿನ ಗದ್ದಲವೋ, ಬೆಲೆ ಕಾಯುವ ಮುಖವೋ, ಆಯ್ಕೆ ಬರೆಯುವವಳದು. ಬೆಲೆ ಕುಸಿತದ ಬಗ್ಗೆ ವಾದ ಹೂಡುವುದಾದರೆ ನೂಲು ತೆಗೆಯುವ ರೀಲರ್‌ನ ಕಷ್ಟಕ್ಕೂ ಅದೇ ಪ್ಯಾರಾದಲ್ಲಿ ಉತ್ತರ ಹೇಳಬೇಕು, ಇಲ್ಲವಾದರೆ ಅದು ಬರೀ ದೂರು. ಒಂದೇ ಊರಿನ ಒಂದೇ ಕಸುಬು ಮೂರು ಶೈಲಿ ಬೇಡುತ್ತದೆ. ಅಚ್ಚಿನಲ್ಲಿ ಮೂರೂ ಒಂದೇ ರುಚಿ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಮೇಲಿನ ಪ್ರಬಂಧಗಳಲ್ಲಿ ಅಚ್ಚಿನ ಈ ತೊಂದರೆ ಇನ್ನೂ ಎದ್ದು ಕಾಣುತ್ತದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಷ್ಟನ್ನು ನೆಟ್ಟಗೆ ಹೇಳಿದರೆ ಓದುಗನೇ ಬೆಚ್ಚುತ್ತಾನೆ. ಆದರೆ ‘ವೀರಾವೇಶದಿಂದ’, ‘ಚಿರಸ್ಮರಣೀಯ’ ಎಂಬ ವಿಶೇಷಣಗಳ ರಾಶಿಯಲ್ಲಿ ಗುಂಡಿನ ಸದ್ದೇ ಕೇಳಿಸುವುದಿಲ್ಲ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ಯನ್ನು, ನೆಟ್ಟಗೆ ಹೇಳುವುದನ್ನು ಕಲಿಯಲು, ಪಕ್ಕದಲ್ಲಿಟ್ಟು ಓದಿಸಬಹುದು; ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದವರ ಆತ್ಮಕಥೆ ಅದು.

ವಿಚಿತ್ರವೆಂದರೆ, ಪ್ರಶ್ನೆಪತ್ರಿಕೆಯ ಪತ್ರಲೇಖನದಲ್ಲಿ ಮಕ್ಕಳು ಒಮ್ಮೊಮ್ಮೆ ಚೆನ್ನಾಗಿ ಬರೆಯುತ್ತಾರೆ. ಬೀದಿಗೆ ನೀರು ಬಂದಿಲ್ಲವೆಂದು ಅಧಿಕಾರಿಗೆ ತಿಳಿಸಬೇಕಾದಾಗ ಯಾವ ಬೀದಿ, ಎಷ್ಟು ದಿನದಿಂದ, ಯಾರಿಗೆ ತೊಂದರೆ ಎಂಬುದು ತಾನಾಗಿ ಬರುತ್ತದೆ. ಓದುವವನೊಬ್ಬ ಎದುರಿಗಿದ್ದಾನಲ್ಲ. ಆದರೆ ಅಲ್ಲೂ ‘ಇಂದ’, ‘ಗೆ’, ದಿನಾಂಕ, ಸಹಿಗಳು ತಮ್ಮ ಪಾಲಿನ ಅಂಕ ತೆಗೆದುಕೊಂಡ ಮೇಲೆ ಒಡಲಿಗೆ ಉಳಿಯುವುದು ಸ್ವಲ್ಪವೇ. ಒಡಲಿನ ಪಾಲನ್ನು ಹೆಚ್ಚಿಸುವುದರಿಂದ ತಿದ್ದುಪಡಿ ಶುರುವಾಗಲಿ.