ಟೇಲರ್ ಸಾಹೇಬ ಬರೆದಿಟ್ಟ ಜಾತಕ

ಅಕ್ಕಪಕ್ಕದ ದೇಶಗಳ ಸುದ್ದಿ ಓದುವಾಗ ನಮಗೆಲ್ಲ ಒಂದು ಅಭ್ಯಾಸ ಅಂಟಿಕೊಂಡುಬಿಟ್ಟಿದೆ. 2022ರಲ್ಲಿ ಶ್ರೀಲಂಕಾದ ಜನ ಅಧ್ಯಕ್ಷರ ಮನೆಗೇ ನುಗ್ಗಿದಾಗ, 'ಸಾಲ ಮಾಡಿ ತುಪ್ಪ ತಿಂದರೆ ಇನ್ನೇನಾಗುತ್ತೆ' ಅಂದೆವು. 2023ರಲ್ಲಿ ಮಾಲ್ದೀವ್ಸ್‌ನಲ್ಲಿ 'ಇಂಡಿಯಾ ಔಟ್' ಅನ್ನುತ್ತ ಮುಯಿಝು ಗೆದ್ದಾಗ, 'ಉಪಕಾರಸ್ಮರಣೆ ಇಲ್ಲದವರು' ಅಂದೆವು. ಮರುವರ್ಷ ಅದೇ ಮುಯಿಝು ದಿಲ್ಲಿಗೆ ಬಂದು ಕೈಕುಲುಕಿದರು. ಆಗ 'ಊಸರವಳ್ಳಿ' ಅಂದೆವು. 2024ರಲ್ಲಿ ಶೇಖ್ ಹಸೀನಾ ಢಾಕಾ ಬಿಟ್ಟು ಇಲ್ಲಿಗೆ ಬಂದಾಗ, 'ಆ ದೇಶದ ಹಣೆಬರಹವೇ ಅಷ್ಟು' ಅಂತ ಷರಾ ಬರೆದು ಮುಂದಿನ ಸುದ್ದಿಗೆ ಹೋದೆವು. ಪ್ರತಿ ಸಲವೂ ತಪ್ಪು ಸಣ್ಣ ದೇಶದ ಗುಣದಲ್ಲಿ ಇರುತ್ತೆ. ದೊಡ್ಡವರು ಹಾಕಿದ ಷರತ್ತುಗಳು ಏನಿದ್ದವು ಅಂತ ಯಾರೂ ಕೇಳಲ್ಲ.

ಈ ಅಭ್ಯಾಸ ಟಿವಿ ಚಾನೆಲ್ಲುಗಳು ಹುಟ್ಟುಹಾಕಿದ್ದಲ್ಲ. ಇದರ ಒಳ್ಳೆಯ ಮಾದರಿಯೊಂದು ನಮ್ಮದೇ ಯಾದಗಿರಿ ಜಿಲ್ಲೆಯ ಸುರಪುರದ ಬಗ್ಗೆ ಬರೆದ ಪುಸ್ತಕದಲ್ಲಿದೆ. ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್' ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಬಂತು. ಕರ್ನಾಟಕದ ಇತಿಹಾಸದಲ್ಲಿ ಆಸಕ್ತಿ ಇರುವವರು ಇದನ್ನು ಓದಬೇಕು. ಆದರೆ ಹುಷಾರಾಗಿ ಓದಬೇಕು. ಯಾಕಂದರೆ ಇದು ಕೆಟ್ಟ ಮನುಷ್ಯ ಬರೆದ ಪುಸ್ತಕ ಅಲ್ಲ. ಒಳ್ಳೆಯ ಮನುಷ್ಯ ಬರೆದದ್ದು. ತೊಡಕಿರುವುದೇ ಅಲ್ಲಿ.

ಟೇಲರ್ ಹದಿಹರೆಯದಲ್ಲೇ ಹಿಂದೂಸ್ತಾನಕ್ಕೆ ಬಂದವನು. ಸೇರಿದ್ದು ಕಂಪನಿಯ ಪಡೆಗಲ್ಲ, ಹೈದರಾಬಾದ್ ನಿಜಾಮನ ಸೈನ್ಯಕ್ಕೆ. ಠಕ್ಕರ ಬಗ್ಗೆ ಬರೆದ ಕಾದಂಬರಿಯಿಂದ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. 1841ರಲ್ಲಿ ಸುರಪುರ ಸಂಸ್ಥಾನದ ಗೊಂದಲ ಬಿಡಿಸಲು ಅವನನ್ನು ಕಳಿಸಿದರು. ರಾಜ ಕೃಷ್ಣಪ್ಪ ನಾಯಕ ತೀರಿಹೋದಾಗ ಮಗ ವೆಂಕಟಪ್ಪ ಇನ್ನೂ ಚಿಕ್ಕ ಹುಡುಗ. ಅವನು ದೊಡ್ಡವನಾಗಿ 1853ರಲ್ಲಿ ಅಧಿಕಾರ ವಹಿಸಿಕೊಳ್ಳುವ ತನಕ ಆಡಳಿತ ಟೇಲರ್ ಕೈಯಲ್ಲೇ ಇತ್ತು. ಕಂದಾಯದ ಲೆಕ್ಕ ಸರಿ ಮಾಡಿದ, ಬೋನಾಳದ ಕೆರೆ ಕೆಲಸ ಮಾಡಿಸಿದ, ರಾಜನಕೋಳೂರಿನ ಕಲ್ಲುಗೋರಿಗಳನ್ನು ಅಳೆದು ಬರೆದಿಟ್ಟ. ಸುರಪುರದ ಗುಡ್ಡದ ಮೇಲಿರುವ ಅವನ ಬಂಗಲೆಗೆ ಜನ ಇವತ್ತಿಗೂ ಟೇಲರ್ ಮಂಜಿಲ್ ಅಂತಲೇ ಅನ್ನುತ್ತಾರೆ. ಹುಡುಗ ರಾಜ ಅವನನ್ನು 'ಅಪ್ಪಾ' ಅಂತ ಕರೆಯುತ್ತಿದ್ದ. ಅದು ಸುಳ್ಳು ಪ್ರೀತಿ ಅಂತ ಪುಸ್ತಕ ಓದಿದ ಯಾರಿಗೂ ಅನ್ನಿಸಲ್ಲ.

ಇನ್ನು ಕಥೆಯ ಕೊನೆ. 1857ರ ದಂಗೆಯ ಬಿಸಿ ಹಲಗಲಿಗೆ, ಮುಂಡರಗಿಗೆ, ನರಗುಂದಕ್ಕೆ ತಟ್ಟಿದಂತೆ ಸುರಪುರಕ್ಕೂ ತಟ್ಟಿತು. 1858ರ ಫೆಬ್ರುವರಿಯಲ್ಲಿ ಕಂಪನಿಯ ಪಡೆ ಊರ ಮುಂದೆ ಬಂದು ನಿಂತಿತು, ಕಾಳಗವಾಯಿತು, ಇಂಗ್ಲಿಷ್ ಅಧಿಕಾರಿಗಳೂ ಸತ್ತರು. ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್‌ನ ಜನ ಅವನನ್ನು ಹಿಡಿದರು, ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದರು. ಸೆರೆಯಲ್ಲಿ ಅವನನ್ನು ಕಾಣಲು ಟೇಲರ್ ಹೋದ. ಕುಮ್ಮಕ್ಕು ಕೊಟ್ಟವರ ಹೆಸರು ಹೇಳಿದರೆ ಕ್ಷಮೆ ಸಿಕ್ಕೀತು ಅಂದಾಗ ರಾಜ ಒಪ್ಪಲಿಲ್ಲ; ಕಳ್ಳನ ಹಾಗೆ ನೇಣಿಗೇರುವುದಕ್ಕಿಂತ ತೋಪಿನ ಬಾಯಿಗೆ ಕಟ್ಟಿಸಿಕೊಳ್ಳುವುದೇ ಮೇಲು ಅಂದನಂತೆ. ಮರಣದಂಡನೆ ಮೊದಲು ಕರಿನೀರಿಗೆ ಇಳಿಯಿತು, ಆಮೇಲೆ ಚೆಂಗಲ್ಪಟ್ಟಿನ ಕೋಟೆಯಲ್ಲಿ 4 ವರ್ಷದ ಸೆರೆಗೆ. ಅಲ್ಲಿಗೆ ಒಯ್ಯುವ ದಾರಿಯಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರ್‌ನಿಂದ ಗುಂಡು ಹಾರಿಸಿಕೊಂಡು ಸತ್ತ ಅನ್ನುತ್ತಾನೆ ಟೇಲರ್. ಸಗರನಾಡಿನ ಜನ ಅದನ್ನು ಪೂರ್ತಿ ನಂಬಿದ್ದು ಕಡಿಮೆ.

ಇಷ್ಟು ದೊಡ್ಡ ದುರಂತಕ್ಕೆ ಟೇಲರ್ ಕೊಡುವ ವಿವರಣೆ ಏನು? ಒಂದು, ಹುಡುಗ ಕೆಟ್ಟವರ ಸಹವಾಸಕ್ಕೆ ಬಿದ್ದ. ಎರಡು, ತಾಯಿ ರಾಣಿ ಈಶ್ವರಮ್ಮನ ನಡತೆ ಸರಿಯಿರಲಿಲ್ಲ. ಮೂರು, ಜಾತಕ. ರಾಜ 24ನೇ ವಯಸ್ಸಿನಲ್ಲಿ ಸಾಯುತ್ತಾನೆ ಅಂತ ಜೋಯಿಸರು ಮೊದಲೇ ಬರೆದಿದ್ದರಂತೆ. ಇದನ್ನು ಟೇಲರ್ ನುರಿತ ಕಾದಂಬರಿಕಾರನ ಹಾಗೆ ಬೆಳೆಸುತ್ತಾನೆ: ಮೊದಲು ಗುಟ್ಟಾಗಿ ಜಾತಕ ತೋರಿಸುತ್ತಾರೆ, ಆಮೇಲೆ ವರ್ಷಗಳು ಉರುಳುತ್ತವೆ, ಶಿಕ್ಷೆ ಕಡಿಮೆಯಾದಾಗ ಜಾತಕ ಸುಳ್ಳಾಯಿತು ಅಂತ ಅವನು ನಿಟ್ಟುಸಿರು ಬಿಡುತ್ತಾನೆ, ಅಷ್ಟರಲ್ಲಿ ಸಾವಿನ ಸುದ್ದಿ. ಓದುತ್ತ ಮೈ ಜುಮ್ಮೆನ್ನುತ್ತೆ. ಆದರೆ ಪುಸ್ತಕ ಮುಚ್ಚಿಟ್ಟು ಯೋಚಿಸಿ: ಹಣೆಬರಹ ಅಂದಮೇಲೆ ಯಾರ ಮೇಲೂ ಜವಾಬ್ದಾರಿ ಉಳಿಯಲ್ಲ. ರೆಸಿಡೆಂಟನ ಮೇಲಿಲ್ಲ, ನಿಜಾಮನ ಮೇಲಿಲ್ಲ, ಟೇಲರ್ ಮೇಲಂತೂ ಇಲ್ಲವೇ ಇಲ್ಲ.

ಟೇಲರ್ ಪ್ರಾಮಾಣಿಕ. ಹಾಗಾಗಿ ಅವನ ವಿವರಣೆಯನ್ನು ಒಡೆಯುವ ಸಾಕ್ಷಿಯನ್ನೂ ಅವನೇ ಅದೇ ಪುಸ್ತಕದಲ್ಲಿ ಬಿಟ್ಟುಹೋಗಿದ್ದಾನೆ. ಅವನು ಬಂದಾಗ ಸುರಪುರ ಸಾಲದಲ್ಲಿ ಮುಳುಗಿತ್ತು. ಸಾಲ ಯಾಕೆ? ಅರಮನೆಯ ದುಂದು ಒಂದು ಕಾರಣ, ನಿಜ. ಆದರೆ ಪಟ್ಟಕ್ಕೆ ಒಪ್ಪಿಗೆ ಕೊಡಲು ನಿಜಾಮ ಕೇಳಿದ ಭಾರೀ ನಜರಾನಾ ಇನ್ನೊಂದು. ಅದರ ಮೇಲೆ ವರ್ಷವರ್ಷದ ಪೇಶ್ಕಷ್. ಕೊಡದಿದ್ದರೆ ದಂಡು ಬರುತ್ತೆ, ಕೊಟ್ಟರೆ ಖಜಾನೆ ಬರಿದು. ಖಜಾನೆ ಬರಿದಾದರೆ ಸಿಪಾಯಿಗಳ ಸಂಬಳ ನಿಲ್ಲುತ್ತೆ, ಗಲಾಟೆಯಾಗುತ್ತೆ, ಆಗ 'ಇಲ್ಲಿ ಅರಾಜಕತೆ ಇದೆ' ಅಂತ ಮೇಲಿನವರು ಆಡಳಿತಕ್ಕೇ ಕೈ ಹಾಕುತ್ತಾರೆ. ಅಸ್ಥಿರತೆ ಅನ್ನುವುದು ಸುರಪುರದ ಮಣ್ಣಿನಲ್ಲಿ ಇರಲಿಲ್ಲ. ದೋಸ್ತಿಯ ಷರತ್ತಿನಲ್ಲೇ ಇತ್ತು.

ಈ ಮಾತಿಗೆ ಪುರಾವೆ ಬೇಕೆಂದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಕೃಷ್ಣೆ–ಭೀಮೆಯರ ನಡುವಿನ ಈ ಸಗರನಾಡು ಒಂದು ಕಡೆ ಬಿಜಾಪುರ, ಇನ್ನೊಂದು ಕಡೆ ಗೋಲ್ಕೊಂಡ, ಪಡುವಣದಲ್ಲಿ ಮರಾಠರು, ಉತ್ತರದಿಂದ ಇಳಿದು ಬರುವ ಮೊಗಲರು, ಇವರೆಲ್ಲರ ನಡುವೆ ಸಿಕ್ಕಿಬಿದ್ದ ಜಾಗ. ಬೇಡ ನಾಯಕರ ಪಾಮ ನಾಯಕ ಮೊಗಲರ ಮುತ್ತಿಗೆಯಲ್ಲಿ ಬಿಜಾಪುರದ ಸುಲ್ತಾನನ ಕಡೆ ನಿಂತವನು. ಬಿಜಾಪುರ ಬಿದ್ದ ಮರುವರ್ಷ, 1687ರಲ್ಲಿ, ಶಹಾಪುರದ ಹತ್ತಿರದ ಸಗರ ಬಿಟ್ಟುಕೊಟ್ಟು ಅದೇ ಮೊಗಲರ ಮನ್ಸಬ್ ತಗೊಂಡ. ಅವನ ನಂತರದ ಪಿಡ್ಡ ನಾಯಕ ಮೊಗಲರ ಸೇವೆಯನ್ನೂ ಮಾಡಿದ, ವಾಗಣಗೇರಿಯ ಕೋಟೆಯನ್ನೂ ಬಲಪಡಿಸಿಕೊಂಡ. 1705ರಲ್ಲಿ 86 ದಾಟಿದ ಔರಂಗಜೇಬ ಖುದ್ದಾಗಿ ಆ ಕೋಟೆಗೆ ಮುತ್ತಿಗೆ ಹಾಕಿದ. ಅವನು ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದೇ. ಮರಾಠರ ಧನಾಜಿ ಜಾಧವ ನೆರವಿಗೆ ಬಂದ. ಪುಕ್ಕಟೆಯಾಗಿ ಬಂದದ್ದಲ್ಲ, ಮರಾಠ ಸರದಾರರ ಹೆಂಡತಿ ಮಕ್ಕಳು ಅದೇ ಕೋಟೆಯಲ್ಲಿ ಆಶ್ರಯ ಪಡೆದಿದ್ದರು. ಪಿಡ್ಡ ನಾಯಕ ಸಂಧಿಯ ಮಾತು ಆಡುತ್ತ ದಿನ ದೂಡಿದ. ಫೆಬ್ರುವರಿಯಲ್ಲಿ ಶುರುವಾದ ಮುತ್ತಿಗೆ ಏಪ್ರಿಲ್ ಕೊನೆಗೆ ಮುಗಿದಾಗ ಸಾಮ್ರಾಟನ ಕೈಗೆ ಸಿಕ್ಕಿದ್ದು ಖಾಲಿ ಕೋಟೆ. ನಾಯಕ ಜಾಗ ಖಾಲಿ ಮಾಡಿದ್ದ.

ಮೊಗಲರ ದಫ್ತರದಲ್ಲಿ ಇದಕ್ಕೆ ಹೆಸರು ದ್ರೋಹ. ಇವತ್ತಿನ ಚಾನೆಲ್ ಭಾಷೆಯಲ್ಲಿ 'ಡಬಲ್ ಗೇಮ್'. ಆದರೆ ವಾಗಣಗೇರಿಯ ಗೋಡೆಯ ಒಳಗಡೆ ನಿಂತು ನೋಡಿದರೆ ಇದು ಬದುಕುವ ಒಂದೇ ದಾರಿ. ದೊಡ್ಡ ಮರಗಳು ಒಂದಕ್ಕೊಂದು ಉಜ್ಜುವಾಗ ನಡುವಿನ ಗಿಡ ಯಾವ ಕಡೆ ಬಾಗಬೇಕು ಅನ್ನುವುದು ಗಾಳಿಯ ಮೇಲಿರುತ್ತೆ. ಹತ್ತಾರು ವರ್ಷ ಹೀಗೆ ಬಾಗುತ್ತ ಏಳುತ್ತ ಈ ಸಣ್ಣ ಸಂಸ್ಥಾನ ಬಿಜಾಪುರಕ್ಕಿಂತಲೂ ಗೋಲ್ಕೊಂಡಕ್ಕಿಂತಲೂ ಹೆಚ್ಚು ಕಾಲ ಬಾಳಿತು ಅನ್ನುವುದನ್ನು ಮರೆಯಬಾರದು.

ಹಾಗಿದ್ದರೆ 1858ರಲ್ಲಿ ಯಾಕೆ ಸೋತಿತು? ಆಗ ಬಾಗಲು ಎರಡನೇ ದಿಕ್ಕೇ ಉಳಿದಿರಲಿಲ್ಲ. ಪೇಶ್ವೆ 1818ರಲ್ಲೇ ಮುಗಿದಿದ್ದ. ನಿಜಾಮ 1798ರಲ್ಲೇ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡು ಕಂಪನಿಯ ತೆಕ್ಕೆಗೆ ಬಿದ್ದಿದ್ದ. ಕಂಪನಿಯ ಅಧಿಕಾರಿಗಳು ನಡೆಸುವ 'ಹೈದರಾಬಾದ್ ಕಾಂಟಿಂಜೆಂಟ್'ಗೆ ನಿಜಾಮ ಸಂಬಳ ಕೊಡಬೇಕು. ಕೊಡಲಾಗದಿದ್ದರೆ ಅದು ಅವನ ಸಾಲ. ಆ ಸಾಲ ಬೆಳೆದು 1853ರಲ್ಲಿ ಬೇರಾರ್, ಧಾರಾಶಿವ, ರಾಯಚೂರು ದೋಆಬ್‌ಗಳನ್ನು ಕಂಪನಿಗೆ ಒಪ್ಪಿಸಬೇಕಾಯಿತು. ಅಂದರೆ ಸುರಪುರದಿಂದ ನಜರಾನಾ ಕೀಳುತ್ತಿದ್ದ ನಿಜಾಮನೇ ಇನ್ನೊಬ್ಬರ ಸಾಲಗಾರ. ಒತ್ತಡ ಮೇಲಿಂದ ಕೆಳಕ್ಕೆ ಇಳಿಯುತ್ತ ಇಳಿಯುತ್ತ ಕೊನೆಯ ಮೆಟ್ಟಿಲಲ್ಲಿ ನಿಂತವನ ತಲೆ ಮೇಲೆ ಬಿತ್ತು. ಆ ಮೆಟ್ಟಿಲಲ್ಲಿ ಇದ್ದವನು ಇಪ್ಪತ್ತಮೂರು–ಇಪ್ಪತ್ತನಾಲ್ಕರ ಹುಡುಗ. ನಮ್ಮ ಆಫೀಸುಗಳಲ್ಲಿ ಆ ವಯಸ್ಸಿನವರನ್ನು ಟ್ರೇನಿ ಅಂತೀವಿ.

2017ರಲ್ಲಿ ಶ್ರೀಲಂಕಾ ಹಂಬನ್‌ತೋಟ ಬಂದರನ್ನು 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟಾಗ ನಮಗೆ ಅದು ಹೊಸ ಚೀನೀ ತಂತ್ರದ ಹಾಗೆ ಕಂಡಿತು. ನಿಜಾಮನ 1853 ನೆನಪಿದ್ದವರಿಗೆ ಅದರಲ್ಲಿ ಅಂಥ ಹೊಸತೇನೂ ಕಾಣಲ್ಲ. ಹಾಗಂತ ಎರಡೂ ಒಂದೇ ಅಲ್ಲ. ಶ್ರೀಲಂಕಾದ ಸಾಲದ ದೊಡ್ಡ ಪಾಲು ಅಂತರರಾಷ್ಟ್ರೀಯ ಬಾಂಡ್ ಮಾರುಕಟ್ಟೆಯದು, ಬರೀ ಚೀನಾದ್ದಲ್ಲ. ಅಲ್ಲಿ ಸರ್ಕಾರ ಬದಲಿಸಲು ಜನರ ಕೈಯಲ್ಲಿ ಮತವಿದೆ. ವೆಂಕಟಪ್ಪ ನಾಯಕನಿಗೆ ಇಲ್ಲದಿದ್ದ ಎರಡನೇ ದಿಕ್ಕು ಇವತ್ತು ಕೊಲಂಬೊಗೂ ಮಾಲೆಗೂ ಇದೆ: ಒಂದು ಕಡೆ ಬೀಜಿಂಗ್, ಇನ್ನೊಂದು ಕಡೆ ದಿಲ್ಲಿ. ಅವರು ಅದನ್ನು ಬಳಸಿಕೊಳ್ಳುತ್ತಾರೆ. ಬಳಸಿಕೊಳ್ಳದಿದ್ದರೆ ಪೆದ್ದರಾಗುತ್ತಾರೆ. ಮುಯಿಝು ವರ್ಷದೊಳಗೆ ಮಾತು ಬದಲಿಸಿದ್ದನ್ನು ಪಿಡ್ಡ ನಾಯಕ ಕಂಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ.

ಈಗ ಇನ್ನೊಂದು ಕಡೆಯವರಿಗೂ ಒಂದು ಮಾತು. ಟೇಲರ್ ಕಥೆಗೆ ಉತ್ತರವಾಗಿ ನಾವು ಕಟ್ಟಿಕೊಂಡದ್ದು ವೀರನ ಕಥೆ. ಭಾಷಣಗಳಲ್ಲಿ, ಜಯಂತಿಗಳಲ್ಲಿ ವೆಂಕಟಪ್ಪ ನಾಯಕ ಹುಲಿ, ಸಿಂಹ, ಸಿಡಿಲು. ಗೌರವ ಸಲ್ಲಬೇಕಾದ್ದೇ, ಹೆಸರು ಹೇಳದೆ ಸಾಯಲು ಸಿದ್ಧನಾದವನು ಸಣ್ಣ ಮನುಷ್ಯ ಅಲ್ಲ. ಆದರೆ ಈ ಕಥೆಯಲ್ಲೂ ಲೆಕ್ಕಪತ್ರ ಮಾಯ. ನಜರಾನಾ ಇಲ್ಲ, ಅರಮನೆಯೊಳಗಿನ ಬಣಗಳಿಲ್ಲ, ರಾಜ ಸಂಬಳಕ್ಕೆ ಇಟ್ಟುಕೊಂಡ ಅರಬ್–ರೋಹಿಲ್ಲಾ ಸಿಪಾಯಿಗಳಿಲ್ಲ, ಸಾಲಾರ್ ಜಂಗ್ ಯಾಕೆ ಹಿಡಿದುಕೊಟ್ಟ ಅನ್ನುವ ಪ್ರಶ್ನೆ ಇಲ್ಲ. ಟೇಲರ್ ರಾಜಕಾರಣವನ್ನು ಜಾತಕ ಮಾಡಿದ, ನಾವು ಅದನ್ನು ಲಾವಣಿ ಮಾಡಿಕೊಂಡೆವು. ಎರಡರಲ್ಲೂ ಒಬ್ಬ ಮನುಷ್ಯನ ಗುಣವೇ ಎಲ್ಲಕ್ಕೂ ಕಾರಣ.

ಸಣ್ಣವರೆಲ್ಲ ಸಾಚಾ ಅಂತ ನಾನು ವಾದಿಸುತ್ತಿಲ್ಲ. ಶ್ರೀಲಂಕಾದ ಆಳುವ ಮನೆತನ ಮಾಡಿದ ಅನಾಹುತಕ್ಕೆ ಹೊರಗಿನವರನ್ನು ಬೈದು ಪ್ರಯೋಜನವಿಲ್ಲ. ಹಸೀನಾ ವಿರುದ್ಧ ಬೀದಿಗಿಳಿದ ವಿದ್ಯಾರ್ಥಿಗಳ ಸಿಟ್ಟನ್ನೂ ಯಾರೋ ಹೊರಗಿಂದ ರಫ್ತು ಮಾಡಿದ್ದಲ್ಲ. ಒಳಗಿನ ತಪ್ಪನ್ನು ಕಾಣಲು ನಮಗೆ ಯಾರೂ ಕಲಿಸಬೇಕಿಲ್ಲ, ಅದು ಥಟ್ಟನೆ ಕಾಣುತ್ತೆ. ಕಾಣದೇ ಇರುವುದು ಷರತ್ತು. ಸಾಲ ಯಾರದು, ದಂಡು ಯಾರದು, ಒಪ್ಪಂದಕ್ಕೆ ಸಹಿ ಯಾರದು ಅಂತ ಕೇಳುವ ಕೆಲಸ ನಮ್ಮದು, ಯಾಕಂದರೆ ಈ ಉಪಖಂಡದಲ್ಲಿ ಈಗ ದೊಡ್ಡ ಮರ ನಾವು. ನಮ್ಮ ಮಾಧ್ಯಮ ಮಾತಾಡುವುದು ಟೇಲರ್ ಮಂಜಿಲ್‌ನ ಜಗಲಿ ಮೇಲೆ ಕೂತುಕೊಂಡು. ಪ್ರೀತಿಯಿಂದಲೇ, ಕೆಲವೊಮ್ಮೆ ಉಪಕಾರ ಮಾಡಿಯೇ.

ಯಾದಗಿರಿ, ಶಹಾಪುರ, ಸುರಪುರದ ಜನರಿಗಾದರೂ ಇದು ಬೇಗ ಅರ್ಥವಾಗಬೇಕು. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರ ತನಕ ಈ ಊರುಗಳು ಭಾರತದೊಳಗೆ ಇರಲೇ ಇಲ್ಲ. ಹೆಚ್ಚುಕಡಿಮೆ 13 ತಿಂಗಳು ಅದು 'ನೆರೆಯ ದೇಶ'. ದಿಲ್ಲಿಯ ಜೊತೆ ಯಥಾಸ್ಥಿತಿ ಒಪ್ಪಂದ, ಒಳಗೆ ರಜಾಕಾರರ ಹಾವಳಿ, ಕೊನೆಗೆ ಪೊಲೀಸ್ ಕಾರ್ಯಾಚರಣೆ. ಆ 13 ತಿಂಗಳಲ್ಲಿ ನಿಜಾಮ ಏನು ಮಾತಾಡಿದ, ದಿಲ್ಲಿ ಏನು ಮಾತಾಡಿತು ಅನ್ನುವುದು ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಹಳ್ಳಿ ಬಿಟ್ಟು ಓಡಿದವರ ಮಾತು ಸಿಗುವುದು ಮನೆಯ ಹಿರಿಯರ ಬಾಯಲ್ಲಿ ಮಾತ್ರ, ಅದೂ ಈಗ ಕಡಿಮೆಯಾಗುತ್ತಿದೆ.

ಮತ್ತೆ ಟೇಲರ್‌ಗೆ ಬರೋಣ. ಸುರಪುರದ ಆಡಳಿತಕ್ಕೆ ಮತ್ತೆ ಅವನನ್ನೇ ಕಳಿಸಿದರು. ಕಾಯಿಲೆ ಬಿದ್ದು 1860ರಲ್ಲಿ ಊರಿಗೆ ಹಡಗು ಹತ್ತಿದ. ಅದೇ ವರ್ಷ ಬ್ರಿಟಿಷರೂ ನಿಜಾಮನೂ ಹೊಸ ಒಪ್ಪಂದ ಮಾಡಿಕೊಂಡರು. ದಂಗೆಯಲ್ಲಿ ನಂಬಿಗಸ್ತನಾಗಿ ಉಳಿದದ್ದಕ್ಕೆ ಬಹುಮಾನವಾಗಿ ನಿಜಾಮನ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು, ರಾಯಚೂರು ದೋಆಬ್ ಮತ್ತು ಧಾರಾಶಿವ ವಾಪಸ್ ಬಂದವು, ಜೊತೆಗೆ ಸುರಪುರ ಸಂಸ್ಥಾನವೂ ಸಿಕ್ಕಿತು. ರಾಜನನ್ನು ಹಿಡಿದುಕೊಟ್ಟವರಿಗೇ ರಾಜ್ಯ. ಒಪ್ಪಂದದ ಒಂದು ಕಡೆ ಬ್ರಿಟಿಷರ ಸಹಿ, ಇನ್ನೊಂದು ಕಡೆ ನಿಜಾಮನದು. ಸುರಪುರದವರ ಸಹಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಟೇಲರ್ ಜಾತಕಕ್ಕೆ ಕೊಟ್ಟಷ್ಟು ಪುಟಗಳನ್ನು ಈ ಕಾಗದಕ್ಕೆ ಕೊಟ್ಟಿದ್ದರೆ ಅವನ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು. ಆ ಕೆಲಸ ಈಗ ನಮ್ಮ ಕಡೆಯವರು ಯಾರಾದರೂ ಕನ್ನಡದಲ್ಲೇ ಮಾಡಬೇಕು.