ಎರಡು ಲಕ್ಷದ ಸೈಕಲ್ಲು

ಪಕ್ಕಕ್ಕೆ ಬಿಗಿ, ಮೇಲೆ-ಕೆಳಗೆ ಮೆದು. ಕಾರ್ಬನ್ ರೋಡ್ ಬೈಕಿನ ರಿವ್ಯೂ ಯಾವುದನ್ನೇ ಓದಿ, ಎಲ್ಲೋ ಒಂದು ಕಡೆ ಈ ಮಾತು ಬಂದೇ ಬರುತ್ತೆ. ಪೆಡಲ್ ತುಳಿದಾಗ ಫ್ರೇಮು ಬಾಗಲ್ಲ, ಗುಂಡಿ ಸಿಕ್ಕಾಗ ಮಾತ್ರ ಬಾಗುತ್ತೆ ಅಂತ ಅದರ ಅರ್ಥ. ನಾಲ್ಕು ತಿಂಗಳು ಇಂಥವನ್ನೇ ಓದಿ, ನೋಡಿ ನನಗೆ ಗೊತ್ತಾಗಿದ್ದು ಇಷ್ಟು: ಬರೆದವರ ಕೈಗೆ ಸೈಕಲ್ಲು ಒಂದೆರಡು ವಾರಕ್ಕೆ ಸಿಕ್ಕಿರುತ್ತೆ, ರಸ್ತೆ ಯುರೋಪಿನದು, ರಿಪೇರಿ ಅನ್ನೋ ವಿಷಯ ಅವರ ತಲೆಗೆ ಬಂದೇ ಇರಲ್ಲ. ನನಗೆ ಬೇಕಿದ್ದ ರಿವ್ಯೂ ಬೇರೆ. ತುಮಕೂರಿನಿಂದ ಸಿರಾ ಕಡೆಗೆ ಹೊರಟು ವಸಂತನರಸಾಪುರದ ಗೇಟು ತಲುಪುವ ರಸ್ತೆಯಲ್ಲಿ, ಐದು ವರ್ಷ, ನನ್ನ ಸೊಂಟಕ್ಕೂ ನನ್ನ ಜೇಬಿಗೂ ಈ ವಸ್ತು ಏನು ಮಾಡುತ್ತೆ? ಅದನ್ನ ಯಾರೂ ಬರೆದಿದ್ದು ನನಗೆ ಸಿಗಲಿಲ್ಲ.

ವಸಂತನರಸಾಪುರ ಗೊತ್ತಿಲ್ಲದವರಿಗೆ: ಕೋರಾ ಹೋಬಳಿಯ ಕೈಗಾರಿಕಾ ಪ್ರದೇಶ. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರಲ್ಲ, ಅದೇ ಜಾಗ. ನಾನು ಅಲ್ಲೇ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದೀನಿ. ವಾರಕ್ಕೆ ಮೂರು ದಿನ ಸೈಕಲ್ಲಿನಲ್ಲಿ ಕೆಲಸಕ್ಕೆ, ಭಾನುವಾರ ದೇವರಾಯನದುರ್ಗಕ್ಕೋ ಕುಣಿಗಲ್ ಕಡೆಗೋ. ಹೆದ್ದಾರಿ ಚೆನ್ನಾಗಿದೆ, ಆದರೆ ಅದು ಲಾರಿಗಳದ್ದು. ಸರ್ವೀಸ್ ರಸ್ತೆ ಚೆನ್ನಾಗಿಲ್ಲ, ಆದರೆ ಅದು ನನ್ನದು. ಜಲ್ಲಿ, ಹೆಸರಿಲ್ಲದ ಹಂಪುಗಳು, ಬಣ್ಣ ಬಳಿಯದ ಹಂಪುಗಳು. ಸಂಕ್ರಾಂತಿಗೆ ಮುಂಚೆ ಒಳರಸ್ತೆಗೆ ಇಳಿದರಂತೂ ರಾಗಿ, ಹುರುಳಿ ಒಕ್ಕಣೆ ಟಾರಿನ ಮೇಲೇ ನಡೀತಿರುತ್ತೆ. ಹುರುಳಿ ಬಳ್ಳಿ ಹಿಂದಿನ ಡಿರೇಲರಿಗೆ ಸುತ್ತಿಕೊಂಡರೆ ಹ್ಯಾಂಗರ್ ಮುರಿಯುತ್ತೆ. ಹ್ಯಾಂಗರ್ ಅಂದರೆ ಫ್ರೇಮನ್ನ ಉಳಿಸೋಕೆ ತಾನು ಮುರಿಯಲಿ ಅಂತಲೇ ಇಟ್ಟಿರೋ ಪುಟ್ಟ ಅಲ್ಯೂಮಿನಿಯಂ ತುಂಡು. ಒಂದೊಂದು ಮಾಡೆಲಿಗೆ ಒಂದೊಂದು ಆಕಾರ, ತುಮಕೂರಿನಲ್ಲಿ ನಾನು ಹುಡುಕಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸೈಕಲ್ ಜೊತೆಗೇ ಇನ್ನೊಂದನ್ನ ಕೊಂಡು ಬ್ಯಾಗಿನಲ್ಲಿ ಹಾಕ್ಕೊಳ್ಳಿ ಅಂತ ಯಾವ ರಿವ್ಯೂವೂ ನನಗೆ ಹೇಳಲಿಲ್ಲ. ಗುಬ್ಬಿ ಹತ್ತಿರ ಸೈಕಲ್ಲನ್ನ ಟಾಟಾ ಏಸ್‌ಗೆ ಏರಿಸಿದ ದಿನ ನಾನೇ ಕಲಿತೆ.

ಗುಬ್ಬಿ ಅಂದಾಗ ನೆನಪಾಯ್ತು. ಕಾರ್ಬನ್ ಅನ್ನೋದು ನಮ್ಮ ಜಿಲ್ಲೆಗೆ ಏನೂ ಪರಕೀಯ ಅಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯ್ತು. ಎಚ್‌ಎಎಲ್‌ನವರ ಧ್ರುವ್ ಹೆಲಿಕಾಪ್ಟರಿನ ಬ್ಲೇಡುಗಳು ಕಾಂಪೊಸಿಟ್, ಅಂದರೆ ಎಳೆ ಮತ್ತು ಅಂಟು. ನಮ್ಮ ಸೈಕಲ್ ಫ್ರೇಮೂ ಅದೇ ಜಾತಿ. ಜಪಾನಿನ ಟೋರೆ ಕಂಪನಿ 1971ರಿಂದ ಈ ಎಳೆಯನ್ನ ವಾಣಿಜ್ಯ ಪ್ರಮಾಣದಲ್ಲಿ ತಯಾರಿಸ್ತಿದೆ, 1986ರಲ್ಲಿ ಗ್ರೆಗ್ ಲೆಮಾಂಡ್ ಕಾರ್ಬನ್ ಫ್ರೇಮಿನ ಮೇಲೆ ಟೂರ್ ದಿ ಫ್ರಾನ್ಸ್ ಗೆದ್ದ. ಅಂಟು ಸವರಿದ ಹಾಳೆಗಳನ್ನ ಕತ್ತರಿಸಿ, ಕೈಯಲ್ಲಿ ಒಂದರ ಮೇಲೊಂದು ಅಚ್ಚಿಗೆ ಕೂರಿಸಿ, ಬಿಸಿಯಲ್ಲಿ ಬೇಯಿಸ್ತಾರೆ. ಯಾವ ಹಾಳೆ ಯಾವ ದಿಕ್ಕಿಗೆ ಅನ್ನೋದರಲ್ಲೇ ಇದೆ ಆ ಬಿಗಿ-ಮೆದುವಿನ ಗುಟ್ಟು. ಹಾಗಾಗಿ 'ಕಾರ್ಬನ್' ಅಂತ ಬರೆದಿದ್ದರೆ ಏನೂ ಹೇಳಿದ ಹಾಗಾಗಲಿಲ್ಲ. ಬಿರಿಯಾನಿ ಅಂತ ಬೋರ್ಡ್ ಹಾಕಿದ ಹಾಗೆ ಅಷ್ಟೇ.

ಆದರೆ ಹೆಲಿಕಾಪ್ಟರಿಗೂ ಸೈಕಲ್ಲಿಗೂ ಒಂದು ವ್ಯತ್ಯಾಸ ಇದೆ, ಅಂಗಡಿಯವನು ಅದನ್ನ ಹೇಳಲ್ಲ. ಹೆಲಿಕಾಪ್ಟರಿನ ಪ್ರತಿ ಭಾಗ ಎಷ್ಟು ಗಂಟೆ ಹಾರಿದೆ ಅಂತ ಲೆಕ್ಕ ಇರುತ್ತೆ, ಗೊತ್ತುಪಡಿಸಿದ ಹೊತ್ತಿಗೆ ಬಿಚ್ಚಿ ನೋಡ್ತಾರೆ. ನಿಮ್ಮ ಫ್ರೇಮನ್ನ ಯಾರು ನೋಡ್ತಾರೆ? ಅಲ್ಯೂಮಿನಿಯಂ ಏಟು ತಿಂದರೆ ಸಾಮಾನ್ಯವಾಗಿ ತಗ್ಗು ಬೀಳುತ್ತೆ, ಕಣ್ಣಿಗೆ ಕಾಣುತ್ತೆ. ಕಾರ್ಬನ್ನು ಒಳಗೊಳಗೇ ಪದರ ಬಿಟ್ಟುಕೊಂಡು, ಹೊರಗಿನ ಬಣ್ಣ ಮಾತ್ರ ಹಾಗೇ ಇರಬಹುದು. ನಾಣ್ಯದಿಂದ ತಟ್ಟಿ ಸದ್ದು ಕೇಳೋದು ಒಂದು ಉಪಾಯ, ಬಡಿದ ಕಡೆ ಮಂಕಾದ ಸದ್ದು ಬಂದರೆ ಅನುಮಾನ. ಆದರೆ ಅದು ಅನುಮಾನವೇ, ಪರೀಕ್ಷೆ ಅಲ್ಲ. ಈ ಒಂದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಕಾರ್ಬನ್ ಅಂದರೆ ನಾನು ದೂರ, ಮಾರುವವನು ನನ್ನ ಜೊತೆಗೇ ರೈಡ್ ಮಾಡಿದವನಾಗಿದ್ದರೆ ಮಾತ್ರ ಯೋಚಿಸೇನು.

ಇನ್ನು ತೂಕ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಏಕೆಂದರೆ ರಿವ್ಯೂಗಳು ಗ್ರಾಂ ಹೇಳುತ್ತವೆ, ಲೆಕ್ಕ ಮಾಡಲ್ಲ. ಮಧ್ಯಮ ಬೆಲೆಯ ಕಾರ್ಬನ್ ಫ್ರೇಮು ಒಂದು ಕೆ.ಜಿ.ಗಿಂತ ಚೂರು ಜಾಸ್ತಿ, ಒಳ್ಳೆ ಅಲ್ಯೂಮಿನಿಯಂ ಫ್ರೇಮು ಅದಕ್ಕಿಂತ ಸುಮಾರು 400 ಗ್ರಾಂ ಹೆಚ್ಚು. ಮುಂದಿನ ಫೋರ್ಕ್ ಎರಡರಲ್ಲೂ ಸಾಮಾನ್ಯವಾಗಿ ಕಾರ್ಬನ್ನೇ. ನಾನು 72 ಕೆ.ಜಿ., ಸೈಕಲ್ಲು, ಬಾಟಲಿ, ಪಂಕ್ಚರ್ ಸಾಮಾನು ಸೇರಿ ಇನ್ನೊಂದು 12. ಒಟ್ಟು 84ರಲ್ಲಿ 400 ಗ್ರಾಂ ಅಂದರೆ ಅರ್ಧ ಪರ್ಸೆಂಟೂ ಇಲ್ಲ. ದೇವರಾಯನದುರ್ಗವನ್ನ ಅರ್ಧ ಗಂಟೆಯ ಏರು ಅಂತಲೇ ಇಟ್ಟುಕೊಳ್ಳಿ, ಉಳಿಯೋದು ಹೆಚ್ಚೆಂದರೆ 9 ಸೆಕೆಂಡು. ಮೇಲೆ ಹೋದ ಮೇಲೆ ನನ್ನ ಬಾಳೆಹಣ್ಣು ಕಿತ್ತುಕೊಳ್ಳೋಕೆ ಅಲ್ಲಿನ ಕೋತಿಗೆ ಅಷ್ಟು ಹೊತ್ತೂ ಬೇಕಿಲ್ಲ. ರೇಸಿನಲ್ಲಿ 9 ಸೆಕೆಂಡು ದೊಡ್ಡದು, ಒಪ್ಪೋಣ. ಆದರೆ ಅಲ್ಲೂ ಯುಸಿಐ ನಿಯಮದ ಪ್ರಕಾರ ಸೈಕಲ್ಲು 6.8 ಕೆ.ಜಿ.ಗಿಂತ ಹಗುರ ಇರೋ ಹಾಗಿಲ್ಲ.

ಹಾಗಾದರೆ ಬೆಂಗಳೂರಿನ ಅಂಗಡಿಯಲ್ಲಿ ಟೆಸ್ಟ್ ರೈಡ್ ಮಾಡಿದಾಗ ನನಗೆ ಹಾರಿದ ಹಾಗೆ ಅನಿಸಿದ್ದು ಯಾಕೆ? ಸುಳ್ಳು ಹೇಳಲ್ಲ, ಅನಿಸಿತು. ರಸ್ತೆಯ ಗರಗರ ಕೈಗೆ ಬರಲೇ ಇಲ್ಲ. ಮನೆಗೆ ಬಂದು ಯೋಚಿಸಿದೆ. ಆ ಸೈಕಲ್ಲಿಗೆ 30 ಮಿ.ಮೀ. ಟ್ಯೂಬ್‌ಲೆಸ್ ಟೈರು, ಗಾಳಿ 60 ಪಿಎಸ್‌ಐ. ನನ್ನ ಹಳೇ ಅಲ್ಯೂಮಿನಿಯಂಗೆ 25 ಮಿ.ಮೀ., ಗಾಳಿ 100. ಹಟಕ್ಕೆ ಬಿದ್ದು ನನ್ನದಕ್ಕೆ ಹಿಡಿಸುವಷ್ಟು ದಪ್ಪದ, 28ರ ಒಳ್ಳೆ ಟೈರು ಹಾಕಿಸಿ ಗಾಳಿ ಇಳಿಸಿದೆ. ಕಾರ್ಬನ್ ಅಂತ ನಾನು ಮೋಹಿಸಿದ್ದರ ಮುಕ್ಕಾಲು ಭಾಗ ಆರು ಸಾವಿರಕ್ಕೆ ಮನೆಗೆ ಬಂತು. ಉಳಿದ ಕಾಲು ಭಾಗ ನಿಜವಾಗಿಯೂ ಫ್ರೇಮಿನದು. ಅದಕ್ಕೆ ಒಂದೂವರೆ ಲಕ್ಷ ಕೊಡ್ತೀರಾ ಅನ್ನೋದು ಪ್ರಶ್ನೆ.

ಕೊಡ್ತೀನಿ ಅನ್ನೋರಿಗೆ ನನ್ನ ಜಗಳ ಇಲ್ಲ, ನಾನೂ ಅವರಲ್ಲೊಬ್ಬ. ಜಗಳ ಇರೋದು ಯಾವುದನ್ನ ಮೊದಲು ನೋಡಬೇಕು ಅನ್ನೋದರ ಬಗ್ಗೆ. ನನ್ನ ಪ್ರಕಾರ ಮೊದಲನೆಯದು ಸ್ಟ್ಯಾಕು, ಅಂದರೆ ಪೆಡಲಿನ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿವರೆಗಿನ ಎತ್ತರ. ರೇಸಿನ ಫ್ರೇಮಿಗೂ ಎಂಡ್ಯೂರೆನ್ಸ್ ಫ್ರೇಮಿಗೂ ಒಂದೇ ಸೈಜಿನಲ್ಲಿ ಎರಡು-ಮೂರು ಸೆಂ.ಮೀ. ವ್ಯತ್ಯಾಸ ಇರುತ್ತೆ. ಕಾಗದದ ಮೇಲೆ ಎಷ್ಟು ಅಂತೀರ, ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಬಗ್ಗಿದ ಬೆನ್ನಿಗೆ ಅದು ಅರವತ್ತನೇ ಕಿಲೋಮೀಟರಿನಲ್ಲಿ ಗೊತ್ತಾಗುತ್ತೆ. ಆಮೇಲೆ 32 ಮಿ.ಮೀ. ಟೈರು ಹಿಡಿಸುತ್ತಾ, ಕೆಳಗಿನ ಬೇರಿಂಗು ಮರೆ ಸುತ್ತುವುದಾ ಅಥವಾ ಒತ್ತಿ ಕೂರಿಸುವುದಾ ನೋಡಿ. ಒತ್ತಿ ಕೂರಿಸಿದ್ದು ಕಿರಗುಟ್ಟೋಕೆ ಶುರು ಮಾಡಿದರೆ ಅದನ್ನ ಬಿಚ್ಚೋ ಸಾಮಾನು ನಮ್ಮೂರಿನಲ್ಲಿ ಸಿಗೋದು ಕಷ್ಟ. ಕೇಬಲ್ಲುಗಳೆಲ್ಲ ಹ್ಯಾಂಡಲಿನ ಒಳಗಿಂದ, ಹೆಡ್‌ಸೆಟ್ ಮೂಲಕ ನುಸುಳಿ ಹೋಗಿದ್ದರೆ ನೋಡೋಕೆ ಚೆಂದ. ಆದರೆ ಮಳೆಗಾಲ ಮುಗಿದ ಮೇಲೆ ಮೇಲಿನ ಬೇರಿಂಗು ಬದಲಿಸೋಕೆ ಬ್ರೇಕಿನ ಪೈಪನ್ನೇ ಬಿಚ್ಚಬೇಕಾಗಬಹುದು, ಆಮೇಲೆ ಎಣ್ಣೆ ತುಂಬಿಸಿ ಗಾಳಿ ತೆಗೀಬೇಕು. ಗೇರು ಶಿಮಾನೊ 105 ಸಿಕ್ಕರೆ ಸಂತೋಷ, ಟಿಯಾಗ್ರಾ ಆದರೂ ಲೋಕ ಮುಳುಗಲ್ಲ. ಹಿಂದಿನ ದೊಡ್ಡ ಚಕ್ರಕ್ಕೆ 32 ಅಥವಾ 34 ಹಲ್ಲು ಇರಲಿ, ದುರ್ಗದ ತಿರುವುಗಳಲ್ಲಿ ಮಂಡಿ ನಿಮಗೆ ಕೈ ಮುಗಿಯುತ್ತೆ.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಎರಡು ಲಕ್ಷ ಅಂದರೆ ಎರಡು ಲಕ್ಷದ ಸೈಕಲ್ಲಲ್ಲ. ಈ ವರ್ಗದ ಸೈಕಲ್ಲಿಗೆ ಪೆಡಲ್ ಕೂಡ ಬೇರೆ ಕೊಳ್ಳಬೇಕಾಗುತ್ತೆ, ನಮ್ಮನೆಯಲ್ಲಿ ಇದನ್ನ ಇನ್ನೂ ಯಾರೂ ನಂಬಿಲ್ಲ. ಶೂ, ಲೈಟು, ಫಿಟ್ಟಿಂಗು, ಟಾರ್ಕ್ ರೆಂಚು ಸೇರಿ ಮೂವತ್ತು ಸಾವಿರ ಪಕ್ಕಕ್ಕಿಡಿ. ಹೊರದೇಶದ ರೇಟು ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ, 2023ರ ಬಜೆಟ್ಟಿನಲ್ಲಿ ಆಮದು ಸೈಕಲ್ಲಿನ ಸುಂಕ ಶೇ 30ರಿಂದ 35ಕ್ಕೆ ಏರಿತ್ತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದ್ದು ಸ್ವಲ್ಪ ಸಮಾಧಾನ.

ಟಾರ್ಕ್ ರೆಂಚು ಯಾಕೆ ಅಂದರೆ, ನಾನು ಹದಿನೈದು ವರ್ಷದಿಂದ ಹೋಗೋ ತುಮಕೂರಿನ ಸೈಕಲ್ ಶಾಪಿನ ಅಣ್ಣನ ಹತ್ತಿರ ಸ್ನೇಹಿತನ ಕಾರ್ಬನ್ ಸೈಕಲ್ ಒಯ್ದಿದ್ದೆ. ಅವರು ಮುಟ್ಟಲಿಲ್ಲ. "ಸ್ಟ್ಯಾಂಡಿಗೆ ಎಲ್ಲಿ ಕಚ್ಚಿಸ್ಲಿ ಸಾ? ಮೇಲಿನ ಪೈಪಿಗೆ ಕಚ್ಚಿಸಿದ್ರೆ ಚಿಟ್ ಅಂದ್ರೆ ಏನ್ ಗತಿ?" ಅಂದರು. ಸರಿಯಾಗೇ ಹೇಳಿದರು, ಆ ತೆಳ್ಳಗಿನ ಕೊಳವೆಗೆ ಕ್ಲ್ಯಾಂಪ್ ಹಾಕಲೇಬಾರದು. ಸೀಟಿನ ಕೊಳವೆಯ ಬೋಲ್ಟಿಗೆ 5 ನ್ಯೂಟನ್ ಮೀಟರ್ ಆಸುಪಾಸು ಸಾಕು, ಕೈಯಂದಾಜಿನಲ್ಲಿ ಬಿಗಿದರೆ ಅದಕ್ಕಿಂತ ಎಷ್ಟೋ ಹೆಚ್ಚಾಗುತ್ತೆ. ಹದಿನೈದು ವರ್ಷದ ನಂಟು ಬಿಟ್ಟು ಸರ್ವೀಸಿಗೆ ಎಪ್ಪತ್ತು ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕು, ಇಲ್ಲ ನಾನೇ ಕಲೀಬೇಕು. ಕಲೀತಿದೀನಿ.

ಇನ್ನೊಂದು ವಿಷಯ ರಿವ್ಯೂಗಳಲ್ಲಿ ಬರೋ ಹಾಗೇ ಇಲ್ಲ. ನಮ್ಮ ಗೇಟಿನ ಪಕ್ಕದ ಶೆಡ್ಡಿನಲ್ಲಿ ನನ್ನ ಸೈಕಲ್ ಜೊತೆ ನಿಲ್ಲೋದು ಲೋಡಿಂಗಿನ ಕಾಂಟ್ರ್ಯಾಕ್ಟ್ ಕೆಲಸದವರ ಸೈಕಲ್ಲುಗಳು. ಅವರಿಗೆ ಸೈಕಲ್ಲು ಹವ್ಯಾಸ ಅಲ್ಲ. ಅವರಲ್ಲೊಬ್ಬರು ಹೋದ ವರ್ಷ ನನ್ನ ಅಲ್ಯೂಮಿನಿಯಂ ಸೈಕಲ್ಲನ್ನ ಒಂದು ಬೆರಳಲ್ಲಿ ಎತ್ತಿ ನೋಡಿ, "ಎಷ್ಟಾಯ್ತು ಸಾ?" ಅಂದರು. ಅರವತ್ತೈದು ಸಾವಿರದ್ದನ್ನ ಹನ್ನೆರಡು ಅಂದೆ. "ಅಷ್ಟು ಕೊಟ್ಟೂ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ!" ಅಂತ ನನ್ನ ಮೇಲೆ ನಿಜವಾಗಿ ಮರುಕ ಪಟ್ಟರು. ಆಮೇಲೆ ಅವರೇ ಗೋಡೆಗೆ ಒರಗಿಸೋ ಜಾಗ ನನಗೆ ಬಿಟ್ಟುಕೊಟ್ಟು, ತಮ್ಮದನ್ನ ಬಿಸಿಲಿಗೆ ನಿಲ್ಲಿಸ್ತಾರೆ.

ಹೋದ ವಾರ ಮುಂಗಡ ಕೊಟ್ಟು ಬಂದೆ. ಟೆಸ್ಟ್ ರೈಡಿನಲ್ಲಿ ಮನಸೋತಿದ್ದ ಆ ರೇಸಿನ ಸೈಕಲ್ಲಲ್ಲ, ಅದರ ಸ್ಟ್ಯಾಕು ನನಗಲ್ಲ. ಇದು ಎತ್ತರದ ತಲೆ, ಮರೆ ಸುತ್ತುವ ಬೇರಿಂಗು, 32ರ ಜಾಗ, ಹೊರಗೆ ಕಾಣುವ ಕೇಬಲ್ಲು. ಬಣ್ಣ ಬೂದಿ, ಫೋಟೋದಲ್ಲಿ ಏನೂ ಅನಿಸಲ್ಲ. ಇಷ್ಟೆಲ್ಲ ಇದ್ದು ನನ್ನ ಬಜೆಟ್ಟಿಗೆ ಸಿಕ್ಕ ಫ್ರೇಮು ಕಾರ್ಬನ್ನಿನದಾಗಿತ್ತು, ಹಾಗಾಗಿ ಕಾರ್ಬನ್. ಡೆಲಿವರಿ ಮೂರು ವಾರಕ್ಕೆ. ಹ್ಯಾಂಗರ್ ಎರಡು ಹೇಳಿದೀನಿ. ಶೆಡ್ಡಿನಲ್ಲಿ ಎಷ್ಟಾಯ್ತು ಅಂತ ಮತ್ತೆ ಕೇಳ್ತಾರೆ, ಏನು ಹೇಳೋದು ಅಂತ ಇನ್ನೂ ಗೊತ್ತಾಗಿಲ್ಲ.